ಊರಿನ ಆಡಳಿತ, ಊರಿನ ಏಳಿಗೆ

‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬ ಗಾದೆಯೊಂದು ಕನ್ನಡದಲ್ಲಿ ಬಳಕೆಯಲ್ಲಿದೆ. ಹತ್ತು ಜನರು ಒಂದೊಂದು ಕಡ್ಡಿಯನ್ನು ಹಿಡಿದರೆ ಯಾರಿಗೂ ಭಾರವೆನಿಸದು. ಒಬ್ಬನೇ ಹೊತ್ತರೆ ಅದೇ ಹೊರೆಯಾಗುತ್ತದೆ. ಊರಿನ ಆಡಳಿತಕ್ಕೂ ಈ ಮಾತು ಒಪ್ಪುತ್ತದೆ. ದೇಶದ ಪ್ರಗತಿಯನ್ನು ದೊಡ್ಡ ಅಣೆಕಟ್ಟುಗಳಿಂದಲೂ ಕಾರ್ಖಾನೆಗಳಿಂದಲೂ ಅಳೆಯುವುದು ವಾಡಿಕೆ. ಆದರೆ ಹಳ್ಳಿಯ ಮನುಷ್ಯನು ಅದನ್ನು ಬೇರೊಂದು ಬಗೆಯಲ್ಲಿ ಅಳೆಯುತ್ತಾನೆ. ಮನೆಯ ಮುಂದಿನ ನಲ್ಲಿಯಲ್ಲಿ ನೀರು ಬಂದಿತೇ? ಮಳೆಗಾಲದಲ್ಲಿ ಮಗುವು ಕೆಸರು ತುಳಿಯದೆ ಶಾಲೆಗೆ ಹೋಗಬಲ್ಲುದೇ? ಊರ ಕೆರೆಯಲ್ಲಿ ಬೇಸಗೆಯವರೆಗೆ ನೀರು ನಿಂತಿತೇ? ಇವು ಅವನ ಪ್ರಶ್ನೆಗಳು. ಇವುಗಳಿಗೆ ಮೊದಲು ಉತ್ತರ ಕೊಡಬೇಕಾದುದು ದೂರದ ರಾಜಧಾನಿಯಲ್ಲ; ಊರಿನ ಪಂಚಾಯಿತಿ, ಪಟ್ಟಣದ ಪುರಸಭೆ. ಇವುಗಳನ್ನೇ ಸ್ಥಳೀಯ ಸ್ವರಾಜ್ಯ ಸಂಸ್ಥೆಗಳೆಂದು ಕರೆಯುತ್ತಾರೆ.

ಈ ಸಂಸ್ಥೆಗಳು ಏನು ಮಾಡಬಲ್ಲವು, ಎಲ್ಲಿ ಎಡವುತ್ತವೆ ಎಂಬುದನ್ನು ತಿಳಿಯಲು ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಪ್ರದೇಶಗಳು ಒಳ್ಳೆಯ ನಿದರ್ಶನಗಳಾಗಿವೆ. ಇವೆಲ್ಲವೂ 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಆ ವರ್ಷ ಹಾವೇರಿಯು ಪ್ರತ್ಯೇಕ ಜಿಲ್ಲೆಯಾಯಿತು. ನಾಲ್ಕೂ ನೆರೆಹೊರೆಯ ಸೀಮೆಗಳೇ ಆದರೂ ಅವುಗಳ ಸ್ವಭಾವ ಒಂದೇ ತೆರನಾಗಿಲ್ಲ. ಪಶ್ಚಿಮದ ಹಾನಗಲ್ಲ ಅರೆಮಲೆನಾಡು. ಅಲ್ಲಿ ಮಳೆ ಹೆಚ್ಚು, ಕೆರೆಗಳು ಹೆಚ್ಚು, ಬತ್ತದ ಗದ್ದೆಗಳು ಹೆಚ್ಚು. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತ ಬಂದು, ಸವಣೂರಿನ ಸುತ್ತ ಬಯಲುಸೀಮೆಯ ಲಕ್ಷಣ ಕಾಣುತ್ತದೆ. ಶಿಗ್ಗಾಂವಿ ಇವೆರಡರ ನಡುವೆ ಹೆದ್ದಾರಿಯ ಮೇಲಿದೆ. ದಕ್ಷಿಣದ ಹಿರೇಕೆರೂರಿನ ಸೀಮೆಯಲ್ಲಿ ಕುಮುದ್ವತಿ ಹರಿಯುತ್ತದೆ. ಒಂದೇ ಜಿಲ್ಲೆಯಲ್ಲಿ ಇಷ್ಟು ಭೇದವಿರುವಾಗ, ಎಲ್ಲ ಊರುಗಳಿಗೂ ಒಂದೇ ಅಳತೆಯ ಅಂಗಿಯನ್ನು ಹೊಲಿಸಿದರೆ ಅದು ಯಾವ ಊರಿಗೂ ಸರಿಯಾಗಿ ಹೊಂದದು.

ಊರಿನ ಕಾರ್ಯವನ್ನು ಊರಿನವರೇ ನೋಡಿಕೊಳ್ಳುವುದು ಈ ನಾಡಿಗೆ ಹೊಸದಲ್ಲ. ಹಾನಗಲ್ಲಿಗೆ ಪ್ರಾಚೀನ ಕಾಲದಲ್ಲಿ ಪಾನುಂಗಲ್ ಎಂಬ ಹೆಸರಿದ್ದಿತು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕದಂಬ ಮನೆತನದ ಮಾಂಡಲಿಕರು ಇಲ್ಲಿಂದ ಪಾನುಂಗಲ್ ಐನೂರು ಎಂಬ ನಾಡನ್ನು ಆಳುತ್ತಿದ್ದರು. ಇಲ್ಲಿಯ ತಾರಕೇಶ್ವರ ದೇವಾಲಯ ಆ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿದೆ. ಆ ಕಾಲದ ಶಾಸನಗಳಲ್ಲಿ ಅರಸರ ಹೆಸರುಗಳ ಜೊತೆಗೆ ಮಹಾಜನರು, ಗಾವುಂಡರು, ಸೆಟ್ಟಿಗಳು ಮುಂತಾದವರ ಪ್ರಸ್ತಾಪವೂ ಬರುತ್ತದೆ. ಕೆರೆಯ ದುರಸ್ತಿಗಾಗಿ ‘ಬಿತ್ತುವಟ್ಟ’ವನ್ನು ಬಿಡುವುದು, ಕೆರೆ ಕಟ್ಟಿಸಿದವರಿಗೆ ‘ದಶವಂದ’ವನ್ನು ಕೊಡುವುದು ಕನ್ನಡನಾಡಿನಲ್ಲೆಲ್ಲ ರೂಢಿಯಲ್ಲಿದ್ದ ಪದ್ಧತಿಗಳು. ಕೆರೆಯೊಂದನ್ನು ಕಟ್ಟಿದರೆ ಸಾಲದು, ಅದನ್ನು ವರ್ಷವರ್ಷವೂ ಕಾಪಾಡಲು ನಿಶ್ಚಿತವಾದ ಆದಾಯ ಬೇಕು ಎಂಬ ವಿವೇಕ ಈ ಪದ್ಧತಿಗಳಲ್ಲಿ ಅಡಗಿದೆ. ಆದರೆ ಆ ಕಾಲದ ಊರಾಳಿಕೆಯಲ್ಲಿ ಎಲ್ಲರಿಗೂ ಸಮಾನವಾದ ಮಾತು ಇರಲಿಲ್ಲ. ಭೂಮಿಯಿದ್ದವರ ಮತ್ತು ಮೇಲಿನ ಜಾತಿಗಳ ಧ್ವನಿಯೇ ಅಲ್ಲಿ ಪ್ರಬಲವಾಗಿದ್ದಿತು. ಹೆಂಗಸರಿಗೂ ದಲಿತರಿಗೂ ಊರಿನ ತೀರ್ಮಾನಗಳಲ್ಲಿ ಸ್ಥಾನವಿರಲಿಲ್ಲ.

ಬ್ರಿಟಿಷರ ಆಳ್ವಿಕೆಯಲ್ಲಿ ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಅಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆಯಂತೆ ಸ್ಥಳೀಯ ಕರವನ್ನು ಎತ್ತಿ, ಅದನ್ನು ರಸ್ತೆಗಳಿಗೂ ಶಾಲೆಗಳಿಗೂ ವೆಚ್ಚಮಾಡುವ ಕ್ರಮ 1860ರ ದಶಕದಲ್ಲಿ ಜಾರಿಗೆ ಬಂದಿತು. 1882ರಲ್ಲಿ ಗವರ್ನರ್ ಜನರಲ್ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ಬಗೆಗೆ ಪ್ರಸಿದ್ಧವಾದ ನಿರ್ಣಯವನ್ನು ಹೊರಡಿಸಿದನು. ಅದರ ಫಲವಾಗಿ 1884ರಲ್ಲಿ ಮುಂಬಯಿ ಪ್ರಾಂತದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಲೋಕಲ್ ಬೋರ್ಡುಗಳಿಗೆ ಕಾಯಿದೆಯ ಆಧಾರ ದೊರೆಯಿತು. ಆದರೆ ಅವುಗಳ ಅಧಿಕಾರ ಮಿತವಾಗಿದ್ದಿತು. ಮತ ನೀಡುವ ಹಕ್ಕು ಕೆಲವರಿಗೆ ಮಾತ್ರ ಇದ್ದಿತು. ಸವಣೂರು ಮಾತ್ರ ಈ ವ್ಯವಸ್ಥೆಯ ಹೊರಗೆ, ನವಾಬರ ಆಳ್ವಿಕೆಯ ಪುಟ್ಟ ಸಂಸ್ಥಾನವಾಗಿ, 1948ರವರೆಗೆ ಉಳಿಯಿತು.

1956ರಲ್ಲಿ ಈ ಪ್ರದೇಶವು ಏಕೀಕೃತ ಮೈಸೂರು ರಾಜ್ಯವನ್ನು ಸೇರಿತು. 1959ರ ಕಾಯಿದೆಯಂತೆ ಗ್ರಾಮ ಪಂಚಾಯಿತಿಗಳೂ ತಾಲ್ಲೂಕು ಅಭಿವೃದ್ಧಿ ಮಂಡಳಿಗಳೂ ರಚನೆಯಾದವು. ಆದರೂ ಹಣ ಮತ್ತು ಅಧಿಕಾರ ಬಹುಮಟ್ಟಿಗೆ ಮೇಲಿನವರ ಕೈಯಲ್ಲಿಯೇ ಉಳಿದವು. ಇದನ್ನು ಬದಲಿಸಲು ಕರ್ನಾಟಕವು 1983ರಲ್ಲಿ ಮಾಡಿದ ಕಾಯಿದೆ ದೇಶದ ಗಮನವನ್ನು ಸೆಳೆಯಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಇದರ ಮುಖ್ಯ ಶಿಲ್ಪಿ. ಹಳ್ಳಿಹಳ್ಳಿಗೂ ಕೊಳವೆಬಾವಿಗಳನ್ನು ಕೊರೆಯಿಸಿದ ಕಾರಣ ಜನರು ಅವರನ್ನು ಪ್ರೀತಿಯಿಂದ ‘ನೀರ್ ಸಾಬ್’ ಎಂದು ಕರೆದರು. ಆ ಕಾಯಿದೆಯಂತೆ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ 1987ರಲ್ಲಿ ಚುನಾವಣೆ ನಡೆಯಿತು. ನೂರಕ್ಕೆ 25 ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟುದು ಅಂದಿನ ದಿನಗಳಲ್ಲಿ ದೊಡ್ಡ ಹೆಜ್ಜೆಯೇ ಸರಿ.

ಈ ಪ್ರಯೋಗದ ಅನುಭವವು ಇಡೀ ದೇಶಕ್ಕೆ ಪ್ರಯೋಜನಕಾರಿಯಾಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯಿತಿಗಳಿಗೆ ಸಂವಿಧಾನದ ಆಸರೆಯನ್ನು ಕೊಟ್ಟಿತು. 74ನೆಯ ತಿದ್ದುಪಡಿಯು ಪುರಸಭೆಗಳಿಗೂ ಅದೇ ಬಗೆಯ ರಕ್ಷಣೆಯನ್ನು ಒದಗಿಸಿತು. ಕುಡಿಯುವ ನೀರು, ಸಣ್ಣ ನೀರಾವರಿ, ಶಿಕ್ಷಣ, ಆರೋಗ್ಯ, ಗ್ರಾಮೀಣ ಕೈಗಾರಿಕೆ ಮೊದಲಾದ 29 ವಿಷಯಗಳನ್ನು ಸಂವಿಧಾನದ 11ನೆಯ ಅನುಸೂಚಿಯಲ್ಲಿ ಪಂಚಾಯಿತಿಗಳ ವ್ಯಾಪ್ತಿಗೆಂದು ಪಟ್ಟಿಮಾಡಲಾಯಿತು. ಅದೇ ವರ್ಷ ಕರ್ನಾಟಕವು ತನ್ನ ಪಂಚಾಯತ್ ರಾಜ್ ಕಾಯಿದೆಯನ್ನು ಜಾರಿಗೊಳಿಸಿತು. ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಹಂತಗಳು ಏರ್ಪಟ್ಟವು. 2010ರ ಚುನಾವಣೆಯಿಂದ ಮಹಿಳೆಯರ ಮೀಸಲಾತಿಯು ಅರ್ಧಕ್ಕೆ ಏರಿತು. ಹಿಂದೆ ಪಂಚಾಯಿತಿಯ ಕಟ್ಟೆಯ ಕಡೆಗೆ ಸುಳಿಯಲೂ ಹಿಂಜರಿಯುತ್ತಿದ್ದ ಹೆಂಗಸರು ಈಗ ಅಧ್ಯಕ್ಷರ ಪೀಠದಲ್ಲಿ ಕುಳಿತು ಆಯವ್ಯಯದ ಲೆಕ್ಕವನ್ನು ಕೇಳುವಂತಾಯಿತು.

ಗ್ರಾಮ ಪಂಚಾಯಿತಿಯು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಒಳ್ಳೆಯದು. ಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ಸದಸ್ಯರು ಚುನಾಯಿತರಾಗುತ್ತಾರೆ. ಮನೆಗಳ ಮೇಲಿನ ತೆರಿಗೆ, ನೀರಿನ ಕರ, ಸಂತೆಯ ಶುಲ್ಕ ಮುಂತಾದುವು ಪಂಚಾಯಿತಿಯ ಸ್ವಂತ ಆದಾಯ. ಉಳಿದ ಹಣವು ರಾಜ್ಯ ಮತ್ತು ಕೇಂದ್ರ ಸರ್ಕಾರಗಳಿಂದ ಬರುತ್ತದೆ. ಮತದಾರರೆಲ್ಲರೂ ಸದಸ್ಯರಾಗಿರುವ ಗ್ರಾಮಸಭೆಯೇ ಈ ವ್ಯವಸ್ಥೆಯ ತಳಹದಿ. ಯಾವ ಓಣಿಗೆ ಚರಂಡಿ ಬೇಕು, ಯಾರಿಗೆ ಮನೆ ದೊರೆಯಬೇಕು, ಯಾವ ಕೆರೆಯ ಹೂಳನ್ನು ಮೊದಲು ತೆಗೆಯಬೇಕು ಎಂಬುದನ್ನು ಅಲ್ಲಿ ಬಹಿರಂಗವಾಗಿ ಚರ್ಚಿಸಬೇಕು. ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಪಂಚಾಯಿತಿಯು ತನ್ನ ಲೆಕ್ಕಪತ್ರಗಳನ್ನು ಜನರ ಮುಂದಿಡಬೇಕು. ಪ್ರಶ್ನೆ ಕೇಳುವವರಿದ್ದರೆ ಇವು ಜೀವಂತವಾಗಿರುತ್ತವೆ. ಇಲ್ಲವಾದರೆ ಹಾಜರಿ ಪುಸ್ತಕದ ಸಹಿಗಳಲ್ಲಿಯೇ ಮುಗಿದುಹೋಗುತ್ತವೆ.

ಈ ಸೀಮೆಯ ಬಾಳಿಗೆ ಆಧಾರವಾದುದು ಕೆರೆ. ಹಾನಗಲ್ಲ ತಾಲ್ಲೂಕಿನಲ್ಲಿ ಹೆಜ್ಜೆಹೆಜ್ಜೆಗೂ ಕೆರೆಗಳು ಕಾಣುತ್ತವೆ; ಹಿರೇಕೆರೂರಿನ ಹೆಸರಿನಲ್ಲಿಯೇ ಕೆರೆ ಸೇರಿಕೊಂಡಿದೆ. ಮಾಸೂರಿನ ಬಳಿ ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆಯು ವಿಜಯನಗರದ ಕಾಲದ್ದೆಂದು ಪ್ರಸಿದ್ಧವಾಗಿದೆ. ಏರಿ, ತೂಬು, ಕೋಡಿ, ಕಾಲುವೆ ಇವು ಕೆರೆಯ ನಾಲ್ಕು ಅಂಗಗಳು. ಏರಿಯು ನೀರನ್ನು ತಡೆಯುತ್ತದೆ. ತೂಬು ಗದ್ದೆಗಳಿಗೆ ಬೇಕಾದಷ್ಟನ್ನು ಬಿಡುತ್ತದೆ. ಕೋಡಿಯು ಹೆಚ್ಚಾದ ನೀರನ್ನು ಹೊರಗೆ ಹರಿಸಿ ಏರಿಯನ್ನು ಉಳಿಸುತ್ತದೆ. ಕಾಲುವೆಗಳು ನೀರನ್ನು ಕೆರೆಗೆ ತರುತ್ತವೆ, ಕೆರೆಯಿಂದ ಒಯ್ಯುತ್ತವೆ. ಇವುಗಳಲ್ಲಿ ಒಂದು ಕೆಟ್ಟರೂ ಉಳಿದ ಮೂರು ವ್ಯರ್ಥ. ಮಳೆಯ ನೀರಿನೊಡನೆ ಬರುವ ಮಣ್ಣು ತಳದಲ್ಲಿ ಕುಳಿತು ಹೂಳಾಗುತ್ತದೆ. ನೀರು ತರುವ ಕಾಲುವೆಯನ್ನು ಅಕ್ಕಪಕ್ಕದ ಹೊಲದವರು ಒತ್ತುವರಿ ಮಾಡಿದರೆ, ಎಷ್ಟು ಮಳೆ ಬಂದರೂ ಕೆರೆ ತುಂಬುವುದಿಲ್ಲ.

ಹಿಂದೆ ಇಂಥ ದುರಸ್ತಿಯನ್ನು ಊರಿನವರೇ ಕೂಡಿ ಮಾಡುತ್ತಿದ್ದರು. ಕೆರೆಗಳು ಸರ್ಕಾರದ ಇಲಾಖೆಗಳ ವಶಕ್ಕೆ ಹೋದ ಮೇಲೆ ‘ಇದು ನಮ್ಮ ಕೆರೆ’ ಎಂಬ ಭಾವನೆ ಮೆಲ್ಲಮೆಲ್ಲನೆ ಕುಂದಿತು. ಕರ್ನಾಟಕದಲ್ಲಿ 40 ಹೆಕ್ಟೇರಿನವರೆಗೆ ಅಚ್ಚುಕಟ್ಟುಳ್ಳ ಕೆರೆಗಳನ್ನು ಪಂಚಾಯತ್ ರಾಜ್ ಸಂಸ್ಥೆಗಳಿಗೆ ವಹಿಸಿ, ಅದಕ್ಕಿಂತ ದೊಡ್ಡವುಗಳನ್ನು ಸಣ್ಣ ನೀರಾವರಿ ಇಲಾಖೆಗೆ ಒಪ್ಪಿಸಲಾಯಿತು. 2002ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಜಲಸಂವರ್ಧನೆ ಯೋಜನೆಯಲ್ಲಿ ಹಾವೇರಿ ಜಿಲ್ಲೆಯೂ ಸೇರಿದ್ದಿತು. ಕೆರೆಯ ನೀರನ್ನು ಬಳಸುವವರೇ ಸಂಘವನ್ನು ಕಟ್ಟಿಕೊಂಡು, ವೆಚ್ಚದಲ್ಲಿ ತಮ್ಮ ಪಾಲನ್ನು ಕೊಟ್ಟು, ಕೆರೆಯನ್ನು ನೋಡಿಕೊಳ್ಳಬೇಕೆಂಬುದು ಅದರ ಉದ್ದೇಶವಾಗಿದ್ದಿತು. 2005ರಲ್ಲಿ ಸಂಸತ್ತು ಅಂಗೀಕರಿಸಿದ ಉದ್ಯೋಗ ಖಾತರಿ ಕಾಯಿದೆಯು ಜಾರಿಯಲ್ಲಿದ್ದ ವರ್ಷಗಳಲ್ಲಿ ಕೆರೆಯ ಹೂಳೆತ್ತುವಂಥ ಕೆಲಸಗಳಿಗೆ ಗ್ರಾಮ ಪಂಚಾಯಿತಿಗಳ ಮೂಲಕವೇ ಕೂಲಿ ದೊರೆಯಿತು. ಬೇಸಗೆಯಲ್ಲಿ ದುಡಿಮೆಯಿಲ್ಲದೆ ಗುಳೆ ಹೋಗುವವರಿಗೆ ಊರಿನಲ್ಲಿಯೇ ಕೂಲಿ, ಕೆರೆಗೆ ಆಳ, ಮೇಲೆತ್ತಿದ ಹೂಳಿನಿಂದ ರೈತನ ಹೊಲಕ್ಕೆ ಸಾರ. ಹೀಗೆ ಒಂದು ಕೆಲಸದಿಂದ ಮೂರು ಫಲಗಳು ದೊರೆಯುತ್ತವೆ.

ದೊಡ್ಡ ಯೋಜನೆಗಳೂ ಕೊನೆಗೆ ಊರಿನ ಆಡಳಿತವನ್ನೇ ಅವಲಂಬಿಸಬೇಕಾಗುತ್ತದೆ. ಮುಂಡಗೋಡ ತಾಲ್ಲೂಕಿನ ಮಳಗಿಯ ಬಳಿಯಿರುವ ಧರ್ಮಾ ಜಲಾಶಯದಿಂದ ಹಾನಗಲ್ಲ ತಾಲ್ಲೂಕಿನ ಹೊಲಗದ್ದೆಗಳಿಗೆ ನೀರು ಬರುತ್ತದೆ. ವರದಾ ನದಿಯಿಂದ ನೀರನ್ನು ಎತ್ತಿ ಕೆರೆಗಳನ್ನು ತುಂಬಿಸುವ ಬಾಳಂಬೀಡ ಏತ ನೀರಾವರಿ ಯೋಜನೆಯೂ ಈ ತಾಲ್ಲೂಕಿನದೇ. ನದಿಯಿಂದ ನೀರನ್ನು ಮೇಲೆತ್ತುವ ಶಕ್ತಿ ರಾಜ್ಯ ಸರ್ಕಾರಕ್ಕಿದೆ. ಆದರೆ ಆ ನೀರು ನಿಲ್ಲುವ ಕೆರೆಯಲ್ಲಿ ಹೂಳಿದ್ದರೆ, ಕೊನೆಯ ಹೊಲಕ್ಕೆ ಹೋಗುವ ಕಾಲುವೆ ಮುಚ್ಚಿದ್ದರೆ, ಮೇಲಿನ ಹೊಲದವನು ತನ್ನ ಪಾಲಿಗಿಂತ ಹೆಚ್ಚು ನೀರನ್ನು ತಿರುಗಿಸಿಕೊಂಡರೆ, ಅದನ್ನು ಸರಿಪಡಿಸಬಲ್ಲವರು ಊರಿನವರು ಮಾತ್ರ.

ನೀರು ಸಾಲದೆ ಬರುವ ಕಷ್ಟ ಒಂದಾದರೆ, ಅದು ಮಿತಿಮೀರಿ ಬರುವ ಕಷ್ಟ ಇನ್ನೊಂದು. 2019ರ ಆಗಸ್ಟ್ ತಿಂಗಳಲ್ಲಿ ವರದಾ, ಧರ್ಮಾ ಮತ್ತು ತುಂಗಭದ್ರಾ ನದಿಗಳು ಉಕ್ಕಿ ಹರಿದು ಹಾವೇರಿ ಜಿಲ್ಲೆಯ ಅನೇಕ ಹಳ್ಳಿಗಳಲ್ಲಿ ಮನೆಗಳೂ ಬೆಳೆಗಳೂ ಹಾಳಾದವು. ಇಂಥ ಸಮಯದಲ್ಲಿ ಯಾವ ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧರಿದ್ದಾರೆ, ಯಾವ ಮನೆಯ ಗೋಡೆ ಮಣ್ಣಿನದು, ದನಕರುಗಳನ್ನು ಎಲ್ಲಿಗೆ ಸಾಗಿಸಬಹುದು ಎಂಬುದನ್ನು ಬಲ್ಲವರು ಆಯಾ ಊರಿನ ಸದಸ್ಯರೇ. ಪರಿಹಾರದ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಸುಳ್ಳು ಹೆಸರುಗಳು ನಿಲ್ಲುವುದಿಲ್ಲ. ನಿಜವಾಗಿ ನೊಂದವರ ಹೆಸರುಗಳು ಬಿಟ್ಟುಹೋಗುವುದಿಲ್ಲ.

ಪಟ್ಟಣಗಳ ಸಮಸ್ಯೆಗಳು ಇನ್ನೊಂದು ಬಗೆಯವು. ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಅಲ್ಲಿಯ ಭಾರಿ ಗಾತ್ರದ ದೊಡ್ಡಹುಣಸೆ ಮರಗಳನ್ನು ನೋಡಲು ದೂರದಿಂದ ಜನರು ಬರುತ್ತಾರೆ. ಇಂಥ ಊರಿನಲ್ಲಿ ಪೇಟೆಯ ವ್ಯವಸ್ಥೆ, ಕುಡಿಯುವ ನೀರು, ನೈರ್ಮಲ್ಯ ಇವು ಪುರಸಭೆಯ ಹೊಣೆ. ಆದರೆ ಆಡಳಿತವು ಜನರಿಗೆ ಹತ್ತಿರವಿದ್ದ ಮಾತ್ರಕ್ಕೆ ನ್ಯಾಯವೂ ಹತ್ತಿರವಿರುತ್ತದೆಂದು ಹೇಳಲಾಗದು. 1970ರ ದಶಕದಲ್ಲಿಯೇ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದರು. ಆದರೂ 2010ರ ಜುಲೈ ತಿಂಗಳಲ್ಲಿ, ತಲೆಮಾರುಗಳಿಂದ ಆ ಕೆಲಸವನ್ನೇ ಮಾಡಿಕೊಂಡು ಬಂದಿದ್ದ ಕುಟುಂಬಗಳ ಕೆಲವರು, ತಾವು ವಾಸಿಸುತ್ತಿದ್ದ ಜಾಗದಿಂದ ತಮ್ಮನ್ನು ತೆರವುಗೊಳಿಸುವ ಪ್ರಯತ್ನವನ್ನು ವಿರೋಧಿಸಿ, ಸವಣೂರಿನ ಪುರಸಭೆಯ ಕಚೇರಿಯ ಮುಂದೆ ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ಆ ಘಟನೆಯು ನಾಡಿನ ಅಂತಃಕರಣವನ್ನು ಕಲಕಿತು. 2013ರಲ್ಲಿ ಸಂಸತ್ತು ಈ ಕೆಲಸಕ್ಕೆ ಜನರನ್ನು ನೇಮಿಸುವುದನ್ನು ಇನ್ನೂ ಕಟ್ಟುನಿಟ್ಟಾಗಿ ನಿಷೇಧಿಸಿ, ಅವರ ಪುನರ್ವಸತಿಗೆ ಅವಕಾಶ ಮಾಡಿದ ಕಾಯಿದೆಯನ್ನು ಅಂಗೀಕರಿಸಿತು.

ಈ ಘಟನೆಯಿಂದ ಕಲಿಯಬೇಕಾದ ಪಾಠವೊಂದಿದೆ. ಊರಿನ ಅಭಿವೃದ್ಧಿಯೆಂದರೆ ಹೊಸ ಕಟ್ಟಡಗಳು, ಅಗಲವಾದ ಬೀದಿಗಳು ಎಂದಷ್ಟೇ ಭಾವಿಸುವುದು ಸುಲಭ. ಆದರೆ ಊರನ್ನು ಶುಚಿಯಾಗಿಡುವವರಿಗೇ ಶುದ್ಧವಾದ ನೀರು ಮತ್ತು ನೆಲೆಯಾದ ಮನೆ ಇಲ್ಲದಿದ್ದರೆ ಆ ಅಭಿವೃದ್ಧಿಗೆ ಅರ್ಥವೇನು? ಕೊನೆಯ ಓಣಿಯ ಕೊನೆಯ ಮನೆಯವರು ಹೇಗೆ ಬಾಳುತ್ತಿದ್ದಾರೆ ಎಂಬುದೇ ಸ್ಥಳೀಯ ಆಡಳಿತಕ್ಕೆ ಒರೆಗಲ್ಲು. ಸಂವಿಧಾನವು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೂ ಮಹಿಳೆಯರಿಗೂ ಸ್ಥಾನಗಳನ್ನು ಮೀಸಲಿಟ್ಟಿರುವುದರ ಉದ್ದೇಶವೂ ಇದೇ. ಹಳೆಯ ಊರಾಳಿಕೆಯಲ್ಲಿ ಕೇಳದಿದ್ದ ಧ್ವನಿಗಳು ಹೊಸ ಆಡಳಿತದಲ್ಲಿ ಕೇಳಿಬರಬೇಕು.

ಶಿಗ್ಗಾಂವಿಯ ಸೀಮೆಗೆ ಬಂದರೆ ಏಳಿಗೆಯ ಮತ್ತೊಂದು ದಾರಿ ಕಾಣುತ್ತದೆ. ಕನಕದಾಸರ ಜನ್ಮಸ್ಥಳವಾದ ಬಾಡ, ತತ್ತ್ವಪದಗಳ ಸಂತ ಶರೀಫರ ಊರಾದ ಶಿಶುವಿನಹಾಳ, ನಗರೇಶ್ವರ ದೇವಾಲಯ ಮತ್ತು ನವಿಲುಧಾಮಗಳಿರುವ ಬಂಕಾಪುರ, ಜಾನಪದ ವಿಶ್ವವಿದ್ಯಾಲಯವಿರುವ ಗೊಟಗೋಡಿ, ಇವೆಲ್ಲವೂ ಈ ತಾಲ್ಲೂಕಿನಲ್ಲಿಯೇ ಇವೆ. ಇಂಥ ಸ್ಥಳಗಳಿಗೆ ಬರುವ ಯಾತ್ರಿಕನಿಗೆ ಬೇಕಾದುದು ಬಹಳವಲ್ಲ: ಒಳ್ಳೆಯ ದಾರಿ, ಕುಡಿಯಲು ನೀರು, ಶುಚಿಯಾದ ಶೌಚಾಲಯ, ದಾರಿ ತೋರಿಸುವ ಫಲಕ, ಊಟ ಸಿಗುವ ಒಂದು ಖಾನಾವಳಿ. ಇವುಗಳನ್ನು ಒದಗಿಸುವುದು ಪಂಚಾಯಿತಿಗೆ ಅಸಾಧ್ಯವಲ್ಲ. ಮಹಿಳೆಯರ ಸ್ವಸಹಾಯ ಸಂಘದವರಿಗೆ ರೊಟ್ಟಿ, ಚಟ್ನಿಗಳ ಅಂಗಡಿಯನ್ನಿಡಲು ಜಾಗ ಕೊಟ್ಟರೆ ಹತ್ತಾರು ಮನೆಗಳಿಗೆ ದುಡಿಮೆಯಾಗುತ್ತದೆ. ಹಿರಿಯರ ಸ್ಮರಣೆಯು ಊರಿನ ಹೆಮ್ಮೆಯಾಗಿರುವುದರ ಜೊತೆಗೆ ಊರಿನ ಅನ್ನವೂ ಆಗುತ್ತದೆ.

ಹಿರೇಕೆರೂರಿನ ಸೀಮೆಯಲ್ಲಿ ರೈತರು ಗೋವಿನ ಜೋಳವನ್ನೂ ಹತ್ತಿಯನ್ನೂ ಬೆಳೆಯುತ್ತಾರೆ. ಸುಗ್ಗಿಯಲ್ಲಿ ಜೋಳವನ್ನು ಒಣಗಿಸಲು ಕಣವಿಲ್ಲದೆ ಅನೇಕರು ಡಾಂಬರು ರಸ್ತೆಯ ಮೇಲೆಯೇ ಹರಡುವುದುಂಟು. ಇದರಿಂದ ಕಾಳಿಗೂ ಹಾನಿ, ದಾರಿಹೋಕರಿಗೂ ಅಪಾಯ. ಪಂಚಾಯಿತಿಯು ಊರಿಗೊಂದು ಸಾಮೂಹಿಕ ಒಕ್ಕಲು ಕಣವನ್ನು ಕಟ್ಟಿಸಿದರೆ, ಕಾಳು ಚೆನ್ನಾಗಿ ಒಣಗಿ ಪೇಟೆಯಲ್ಲಿ ಹೆಚ್ಚಿನ ಬೆಲೆಗೆ ಮಾರಾಟವಾಗುತ್ತದೆ. ವಾರದ ಸಂತೆಗೆ ನೆರಳಿನ ಕಟ್ಟೆಗಳನ್ನು ಕಟ್ಟಿಸಿದರೆ ಕಾಯಿಪಲ್ಲೆ ಮಾರುವ ಹೆಂಗಸರಿಗೆ ಬಿಸಿಲು ಮಳೆಗಳ ಬಾಧೆ ತಪ್ಪುತ್ತದೆ. ಸಂತೆಯ ಶುಲ್ಕದಿಂದ ಪಂಚಾಯಿತಿಗೂ ಆದಾಯ ಬರುತ್ತದೆ. ಅಭಿವೃದ್ಧಿಯು ಇಂಥ ಸಣ್ಣ ಕೆಲಸಗಳಿಂದಲೇ ಕೂಡಿಬರುವಂಥದು. ಈಚಿನ ವರ್ಷಗಳಲ್ಲಿ ಹಿರೇಕೆರೂರು ತಾಲ್ಲೂಕಿನಿಂದ ರಟ್ಟೀಹಳ್ಳಿಯು ಪ್ರತ್ಯೇಕ ತಾಲ್ಲೂಕಾಯಿತು. ಕಚೇರಿಯು ಜನರಿಗೆ ಹತ್ತಿರವಾಗಲಿ ಎಂಬ ಆಶಯವೇ ಇದಕ್ಕೂ ಕಾರಣ.

ಸ್ಥಳೀಯ ಸಂಸ್ಥೆಗಳ ದಾರಿಯಲ್ಲಿ ತೊಡಕುಗಳಿಲ್ಲದೆ ಇಲ್ಲ. ಮೇಲಿನಿಂದ ಬರುವ ಹಣದ ಬಹುಭಾಗವು ಇಂಥ ಕೆಲಸಕ್ಕೆಂದೇ ಗೊತ್ತುಮಾಡಿ ಬರುವುದರಿಂದ, ಊರಿನ ಅಗತ್ಯ ಬೇರೆಯಾಗಿದ್ದರೂ ಅದನ್ನು ಬದಲಿಸಲು ಬರುವುದಿಲ್ಲ. ನೆರೆಯವರ ಮನಸ್ಸು ನೋಯುವುದೆಂದು ಸದಸ್ಯರು ತೆರಿಗೆಯನ್ನು ಒತ್ತಾಯಿಸಿ ಕೇಳುವುದಿಲ್ಲ. ತೆರಿಗೆ ಬಾರದೆ ಕೆಲಸ ನಡೆಯುವುದಿಲ್ಲ. ಕೆಲಸ ನಡೆಯದುದರಿಂದ ಜನರು ತೆರಿಗೆಯನ್ನು ಕೊಡುವುದಿಲ್ಲ. ಚುನಾವಣೆಗಳು ಸಕಾಲದಲ್ಲಿ ನಡೆಯದಿರುವುದು ಇನ್ನೊಂದು ತೊಡಕು. 2016ರಲ್ಲಿ ಚುನಾಯಿತವಾದ ಕರ್ನಾಟಕದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿಯು 2021ರಲ್ಲಿ ಮುಗಿಯಿತು. ಹೊಸ ಚುನಾವಣೆಗಳು ಕಾಲಕ್ಕೆ ಸರಿಯಾಗಿ ನಡೆಯದೆ, ಮುಂದೆ ಹಲವು ವರ್ಷಗಳ ಕಾಲ ಆಡಳಿತಾಧಿಕಾರಿಗಳೇ ಕಾರ್ಯ ನಿರ್ವಹಿಸಬೇಕಾಯಿತು. ಅಧಿಕಾರಿಯು ಎಷ್ಟೇ ದಕ್ಷನಾಗಿದ್ದರೂ ಅವನನ್ನು ಜನರು ಆರಿಸಿಲ್ಲ. ಜನರು ಅವನನ್ನು ಬದಲಿಸಲೂ ಬರುವುದಿಲ್ಲ. ಮೂರು ಹಂತಗಳ ಕಟ್ಟಡದಲ್ಲಿ ಮೇಲಿನ ಎರಡು ಹಂತಗಳು ಬರಿದಾಗಿದ್ದರೆ ಹಳ್ಳಿಯ ಮಾತು ಜಿಲ್ಲೆಯನ್ನು ಮುಟ್ಟುವುದು ಹೇಗೆ?

ಈ ತೊಡಕುಗಳನ್ನು ನಿವಾರಿಸುವ ಶಕ್ತಿ ಕೊನೆಗೂ ಜನರಲ್ಲಿಯೇ ಇದೆ. ಗ್ರಾಮಸಭೆಗೆ ಹೋಗುವುದು, ಲೆಕ್ಕವನ್ನು ಕೇಳುವುದು, ತೆರಿಗೆಯನ್ನು ಕಾಲಕ್ಕೆ ಸರಿಯಾಗಿ ಕೊಡುವುದು, ಕೆರೆಯ ಕಾಲುವೆಯನ್ನು ಒತ್ತುವರಿ ಮಾಡದಿರುವುದು, ಇವು ಸಾಮಾನ್ಯವಾಗಿ ಕಂಡರೂ ಸ್ವರಾಜ್ಯದ ನಿಜವಾದ ಆಧಾರಸ್ತಂಭಗಳು. ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆಗಳನ್ನು ನಡೆಸುವ ಪದ್ಧತಿಯೂ ಇದೆ. ಶಾಲೆಗೆ ಹೋಗುವ ದಾರಿ, ಆಟದ ಬಯಲು, ಊರಿನ ಗ್ರಂಥಾಲಯ ಮೊದಲಾದುವುಗಳ ಬಗೆಗೆ ಮಕ್ಕಳು ಅಲ್ಲಿ ಪಂಚಾಯಿತಿಯ ಸದಸ್ಯರನ್ನು ನೇರವಾಗಿ ಪ್ರಶ್ನಿಸಬಹುದು. ಅಂದು ಪ್ರಶ್ನೆ ಕೇಳಲು ಕಲಿತ ಮಗುವು ಮುಂದೆ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದ ಸದಸ್ಯನೂ ಆಗಬಹುದು, ಅಧ್ಯಕ್ಷೆಯೂ ಆಗಬಹುದು.

ಪಾನುಂಗಲ್ಲಿನ ಅರಸರ ಆಳ್ವಿಕೆ ಮುಗಿದು ಶತಮಾನಗಳು ಕಳೆದವು. ಸವಣೂರಿನ ನವಾಬರ ಸಂಸ್ಥಾನವೂ ಇತಿಹಾಸವನ್ನು ಸೇರಿತು. ಆದರೆ ಹಿರಿಯರು ಕಟ್ಟಿದ ಕೆರೆಗಳಲ್ಲಿ ಅನೇಕವು ಇಂದಿಗೂ ನೀರು ಕೊಡುತ್ತಿವೆ. ಪ್ರತಿ ತಲೆಮಾರಿನಲ್ಲಿಯೂ ಯಾರೋ ಕೆಲವರು ಏರಿಗೆ ಮಣ್ಣು ಹಾಕಿದುದರಿಂದಲೇ ಅವು ಉಳಿದಿವೆ. ಊರಿನ ಆಡಳಿತವೂ ಅಂಥದೇ ಒಂದು ಕೆರೆ. ಅದರ ಏರಿಗೆ ಎಲ್ಲರೂ ಮಣ್ಣು ಹಾಕಬೇಕು. ಅದರ ನೀರು ಎಲ್ಲರ ಹೊಲಕ್ಕೂ ಹರಿಯಬೇಕು.